ಗಣಿಕೆ ಕಾಯಿಯ ನಿಂಬೆಹಣ್ಣು

ಬೆನ್ನಿಗಾನಹಳ್ಳಿಗೆ ಹೋಗಿ ಕೆಂಪರಾಜನ ಮನೆ ಎಲ್ಲಿ ಅಂತ ಕೇಳಿದರೆ ಯಾರೂ ಅಡ್ಡರಸ್ತೆಯ ನಂಬರು ಹೇಳುವುದಿಲ್ಲ. ‘ಆಟದ ರೈಲಿನವರ ಮನೆಯಾ?’ ಅನ್ನುತ್ತಾರೆ, ಅಂದು ತುಟಿ ಓರೆ ಮಾಡಿ ನಗುತ್ತಾರೆ. ನಗುವವರು ಯಾರು ಅಂದರೆ, ಅಪ್ಪ ಬಿಟ್ಟುಹೋದ ಜಮೀನು ಮಾರಿ ಬಾಗಿಲ ಮುಂದೆ ಎರಡು ಕಾರು ನಿಲ್ಲಿಸಿ, ಅವನ್ನು ಒರೆಸುವುದರಲ್ಲೇ ಬೆಳಗು ಕಳೆಯುವವರು. ಕೆಂಪರಾಜ ಆ ಜಾತಿಯಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಕಲಿತ. ಅಲ್ಲೇ ಒಂದು ಸಣ್ಣ ಅಂಗಡಿ ಇಟ್ಟ. ಬೇರೆಯವರಂತೆ ಅವನಿಗೂ ಕೆಳಗಿನ ಎರಡು ಮನೆಯಿಂದ ಬಾಡಿಗೆ ಬರುತ್ತದೆ, ಆದರೂ ಕಾಲು ಚಾಚಿ ಕೂತವನಲ್ಲ. ದಿನಾ ಹೋಗಿ ಬೋರ್‌ವೆಲ್ ಮೋಟಾರು, ಮಿಕ್ಸಿ ಮೋಟಾರು ಬಿಚ್ಚಿ ತಾಮ್ರದ ತಂತಿ ಸುತ್ತಿ, ಸಂಜೆಗೆ ಮನೆಗೆ ಬಂದು, ಮುಖ ತೊಳೆದು, ಮಹಡಿಯ ರೂಮಿಗೆ ಹತ್ತುವನು. ಆ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಹಲಗೆ ಹಾಸಿ, ಅದರ ಮೇಲೆ ಅವನು ಒಂದು ಊರನ್ನೇ ಕಟ್ಟಿದ್ದ. ಆ ಊರಿನ ನಡುವೆ ರೈಲು ಓಡುತ್ತಿತ್ತು.

ಊರು ಏನಾದರೂ ಅಂದುಕೊಳ್ಳಲಿ. ಕೆಂಪರಾಜನಿಗೆ ಬೇಕಾಗಿದ್ದದ್ದು ಒಂದೇ. ಅವನ ಹೆಂಡತಿ ಸುಕನ್ಯ ಒಂದು ಸಲ ಆ ರೂಮಿನ ಹೊಸಿಲು ದಾಟಿ ಒಳಗೆ ಬಂದು ಅದನ್ನು ನೋಡಬೇಕು. ವರ್ಷಗಟ್ಟಲೆ ಅವಳು ಬಂದಿರಲಿಲ್ಲ. ಬಟ್ಟೆ ಒಣಹಾಕಲು ದಿನಾ ಟೆರೇಸಿಗೆ ಹೋಗುತ್ತಿದ್ದಳು. ಪಕ್ಕದಲ್ಲೇ ರೂಮಿನ ಬಾಗಿಲು ಹಾರು ಹೊಡೆದಿದ್ದರೂ ಮುಖ ಆ ಕಡೆ ತಿರುಗುತ್ತಿರಲಿಲ್ಲ. ಒದ್ದೆ ಸೀರೆ ಹಿಂಡಿ, ಕೊಡವಿ, ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಬಂದ ದಾರಿಯಲ್ಲೇ ಇಳಿದುಹೋಗುವಳು.

ಅದಕ್ಕೆ ಕಾರಣ ಇತ್ತು. ಅವರಿಗೆ ಒಂದು ಗಂಡು ಮಗು ಹುಟ್ಟಿತ್ತು. ಮೂರು ತಿಂಗಳ ಕೂಸಿಗೆ ಜ್ವರ ಬಂತು. ಮಧ್ಯಾಹ್ನದ ಹೊತ್ತು ಆಟೋ ಹಿಡಿದು ಆಸ್ಪತ್ರೆಗೆ ಹೊರಟರು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಲಾರಿಗಳ ಮಧ್ಯೆ ಆಟೋ ನಿಂತುಬಿಟ್ಟಿತು. ಮಗು ಸುಕನ್ಯಳ ತೊಡೆಯ ಮೇಲೆ ಇತ್ತು. ಅಲ್ಲೇ ಹೋಯಿತು. ಇಂಥವರ ತಪ್ಪು ಅಂತ ಹೇಳುವ ಹಾಗಿರಲಿಲ್ಲ, ಯಾರೂ ಹೇಳಲೂ ಇಲ್ಲ. ಕೆಂಪರಾಜನ ತಾಯಿ ಆಂಜನಮ್ಮ ಬಾಯಿ ಜೋರಿನ ಮುದುಕಿ, ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆ ಕೇಳುವ ಹಾಗೆ ಬೈಯುವವಳು. ಆ ವಿಷಯದಲ್ಲಿ ಸೊಸೆಯ ಮೇಲೆ ಅವಳೂ ಒಂದು ಮಾತು ಬೀಳದಂತೆ ನೋಡಿಕೊಂಡಳು. ಬಂದವರು ಯಾರಾದರೂ ‘ಹೆಂಗಾಯ್ತು, ಏನಾಯ್ತು’ ಅಂತ ಕೆದಕಿದರೆ ಕಾಫಿ ಕೂಡ ಕೊಡದೆ ಕಳಿಸುತ್ತಿದ್ದಳು.

ಆಮೇಲೆ ಸುಕನ್ಯ ಗೋಡೆಗೆ ಮುಖ ಮಾಡಿ ಮಲಗಿದಳು. ಕೆಂಪರಾಜನಿಗೆ ಅವಳ ಪಕ್ಕದಲ್ಲಿ ಕೂರಲು ಆಗಲಿಲ್ಲ. ಕೂತರೆ ಏನು ಮಾತಾಡಬೇಕು, ಕೈಯನ್ನು ಎಲ್ಲಿಡಬೇಕು ಅನ್ನುವುದೇ ತಿಳಿಯದೆ ಎದ್ದು ಓಡಾಡುತ್ತಿದ್ದ. ಆ ದಿನಗಳಲ್ಲೇ ಗುಜರಿ ಲತೀಫ್ ಅವನ ಅಂಗಡಿಗೆ ಒಂದು ರಟ್ಟಿನ ಪೆಟ್ಟಿಗೆ ತಂದ. ಕಾಕ್ಸ್ ಟೌನಿನಲ್ಲಿ ಒಂದು ಆಂಗ್ಲೋ ಇಂಡಿಯನ್ ಮನೆ ಖಾಲಿ ಮಾಡುವಾಗ ಸಿಕ್ಕಿದ ಸಾಮಾನು. ಒಳಗೆ ಅಂಗೈಯುದ್ದದ ಎರಡು ಇಂಜಿನ್ನು, ನಾಲ್ಕಾರು ಬೋಗಿ, ತುಂಡು ತುಂಡು ಹಳಿ. ‘ಕೆಂಪಣ್ಣ, ಮೋಟಾರು ಸುಟ್ಟಿದೆ, ನಿನ್ನ ಕೈಲಾದ್ರೆ ಓಡ್ಸು, ಇಲ್ಲಾಂದ್ರೆ ತೂಕಕ್ಕೆ ಹಾಕ್ತೀನಿ’ ಅಂದ. ಕೆಂಪರಾಜ ಕೂದಲೆಳೆಯಂಥ ತಂತಿ ಸುತ್ತಿ ಓಡಿಸಿದ. ಓಡಿದ್ದನ್ನು ಮನೆಗೆ ತಂದ. ಹಲಗೆ ತಂದ, ಗರಗಸ ತಂದ. ಕೆಳಗೆ ಹೆಂಡತಿ ಮಲಗಿದ್ದಾಗ ಮೇಲೆ ಗರಗಸದ ಸದ್ದು ಶುರುವಾಯಿತು. ಆ ಸದ್ದನ್ನು ಸುಕನ್ಯ ಮರೆಯಲಿಲ್ಲ. ಮೇಲೆ ಬರಲಿಲ್ಲ, ಅಷ್ಟೇ.

ಅವನು ಕಟ್ಟಿದ್ದು ಅವನ ಚಿಕ್ಕಂದಿನ ಬೆನ್ನಿಗಾನಹಳ್ಳಿ. ಈಗಿನ ಹಾಗೆ ಮೆಟ್ರೋ ಕಂಬ, ರಿಂಗ್ ರೋಡು, ಗಾಜಿನ ಆಫೀಸು ಯಾವುದೂ ಇಲ್ಲದ ಊರು. ಕೆರೆ, ಕೆರೆಯ ಅಂಚಿನಲ್ಲಿ ರೈಲಿನ ಏರಿ, ಏರಿಯ ಕೆಳಗೆ ಅವರಪ್ಪ ಮುನಿವೆಂಕಟಪ್ಪ ಕೊತ್ತಂಬರಿ, ದಂಟು, ಮೂಲಂಗಿ ಬೆಳೆದು ಬೆಳಗಿನ ಜಾವ ರಸೆಲ್ ಮಾರುಕಟ್ಟೆಗೆ ಹೊತ್ತು ಹಾಕುತ್ತಿದ್ದ ತೋಟ, ಹೆಂಚಿನ ಮನೆಗಳು, ಒಂದು ದೊಡ್ಡ ಹುಣಸೆಮರ. ಇದಕ್ಕೆಲ್ಲ ವಿದೇಶದಿಂದ ಸಾಮಾನು ತರಿಸುವವರಿದ್ದಾರೆ. ಇವನು ತರಿಸಲಿಲ್ಲ. ಅಂಗಡಿಯಲ್ಲಿ ಮೋಟಾರಿಗೆ ಹೊಯ್ಯುವ ವಾರ್ನಿಷನ್ನೇ ತೆಳ್ಳಗೆ ಪದರ ಪದರವಾಗಿ ಹೊಯ್ದು ಕೆರೆಯ ನೀರು ಮಾಡಿದ. ಮಳೆಗಾಲದ ಕೆರೆಯ ಹಾಗೇ ಕಂದು ಬಣ್ಣ ಬಂತು. ಹಳಿಯ ಜಲ್ಲಿಗೆ ದಪ್ಪ ರಂಗೋಲಿ ಪುಡಿಯನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಒಣಗಿಸಿದ. ಒಣಗಿದ ಹೀರೇಕಾಯಿಯ ನಾರನ್ನು ಕಮರ್ಷಿಯಲ್ ಸ್ಟ್ರೀಟ್ ಹತ್ತಿರ ಬ್ಲೌಸ್ ಬಟ್ಟೆಗೆ ಬಣ್ಣ ಹಾಕುವವನ ಬಳಿ ಹಸಿರು ಮಾಡಿಸಿ, ಚೂರು ಚೂರು ಕತ್ತರಿಸಿ, ಮರಗಳಿಗೆ ಎಲೆ ಅಂಟಿಸಿದ. ಒಂದು ಹುಣಸೆಮರಕ್ಕೇ ಒಂದು ಮಳೆಗಾಲ ಹಿಡಿಯಿತು.

ಇಂಜಿನ್ನುಗಳ ವಿಷಯ ಇನ್ನೊಂದು ತೆರನಾದದ್ದು. ಲತೀಫ್ ಆಮೇಲೂ ಅಲ್ಲಿ ಇಲ್ಲಿ ಸಿಕ್ಕಿದ್ದನ್ನು ತಂದುಕೊಟ್ಟು ಅವು ಐದಾರು ಆಗಿದ್ದವು. ಹೊಸ ಬಣ್ಣದಲ್ಲಿ ಥಳಥಳ ಅನ್ನುವ ಇಂಜಿನ್ನು ಆಟದ ಸಾಮಾನಿನ ಹಾಗೇ ಕಾಣುತ್ತದೆ. ಅದು ಬಿಸಿಲಲ್ಲಿ ಮಳೆಯಲ್ಲಿ ದುಡಿದ ಇಂಜಿನ್ನಿನ ಹಾಗೆ ಕಾಣಬೇಕಾದರೆ ಅದಕ್ಕೆ ಕೊಳೆ ಹಿಡಿಸಬೇಕು. ಕೆಂಪರಾಜ ಸೀಮೆಎಣ್ಣೆ ದೀಪದ ಮಸಿ ಹಿಡಿದು, ಸಣ್ಣ ಕುಂಚದಲ್ಲಿ ಹೊಗೆಕೊಳವೆಯ ಸುತ್ತ ತೀಡಿದ. ಅಂಗಡಿಯ ಹಳೇ ಕಬ್ಬಿಣದಿಂದ ತುಕ್ಕು ಕೆರೆದು, ಪುಡಿ ಮಾಡಿ, ಚಕ್ರದ ಮಗ್ಗುಲಿಗೆ ಹಚ್ಚಿದ. ಎಣ್ಣೆ ಸೋರಿದ ಕಲೆ, ನೀರು ಇಳಿದ ಗೆರೆ, ಕಲ್ಲಿದ್ದಲು ಬಿದ್ದ ಕಡೆ ಕಪ್ಪು. ಒಂದೊಂದು ಇಂಜಿನ್ನಿಗೆ ತಿಂಗಳುಗಟ್ಟಲೆ ಕೂತು ಕೊಳೆ ಹಿಡಿಸಿದ. ಇದನ್ನು ಬೇರೆಯವರಿಗೆ ಹೇಳಲು ಹೋದರೆ ಪಕ್ಕೆ ಹಿಡಿದುಕೊಂಡು ನಗುತ್ತಿದ್ದರು. ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿದ್ದ ಅವನ ಅಣ್ಣ ಶ್ರೀನಿವಾಸ್ ಅಂತೂ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ‘ಏನಪ್ಪಾ ಸ್ಟೇಷನ್ ಮಾಸ್ಟರು, ಮದ್ರಾಸ್ ಗಾಡಿ ಎಷ್ಟು ಲೇಟು ಇವತ್ತು?’ ಅನ್ನುವನು. ಒಂದು ಮದುವೆ ಮನೆಯಲ್ಲಿ ಯಾರೋ ದೂರದ ನೆಂಟ, ಎಲೆಯ ಮುಂದೆ ಕೂತು, ಮಕ್ಕಳಿಲ್ಲದ ಮನೆಯಲ್ಲಿ ಆಟದ ಸಾಮಾನು ಯಾರಿಗಪ್ಪಾ ಅಂದ. ಕೆಂಪರಾಜ ಎಲೆ ಮಡಿಸಿ ಎದ್ದು ಬಂದ. ಅವತ್ತು ಸುಕನ್ಯ ಕೂಡ ಊಟ ಬಿಟ್ಟು ಅವನ ಹಿಂದೆಯೇ ಬಂದಳು. ಅವಳು ಬಂದದ್ದು ಅವನಿಗೆ ಸಾಕಾಗಿತ್ತು. ಇವಳೊಬ್ಬಳು ಮೇಲೆ ಬಂದು ನೋಡಿಬಿಟ್ಟರೆ, ಆ ದಿನಗಳಲ್ಲಿ ತಾನು ಯಾಕೆ ಪಕ್ಕದಲ್ಲಿ ಕೂರದೆ ಮೇಲೆ ಹೋಗಿ ಕೂತೆ ಅನ್ನುವುದು ಅವಳಿಗೆ ತಾನಾಗೇ ತಿಳಿಯುತ್ತದೆ ಅಂತ ಅವನ ಲೆಕ್ಕ. ಬಾಯಲ್ಲಿ ಹೇಳುವುದು ಅವನಿಂದ ಆಗುವ ಕೆಲಸವಲ್ಲ. ಬಾ ಅಂತ ಕರೆಯುವುದೂ ಆಗುತ್ತಿರಲಿಲ್ಲ. ಕರೆದು, ಅವಳು ಬರದೇ ಹೋದರೆ?

ಹೋದ ಶ್ರಾವಣದಲ್ಲಿ ಅವನ ಅಂಗಡಿಗೆ ಈರಯ್ಯ ಅಂತ ಒಬ್ಬರು ಬಂದರು. ಹುಬ್ಬಳ್ಳಿ ಕಡೆ ರೈಲ್ವೆಯಲ್ಲಿ ಇಂಜಿನಿಯರಾಗಿದ್ದು, ನಿವೃತ್ತರಾಗಿ ಇಂದಿರಾನಗರದಲ್ಲಿ ಮಗಳ ಮನೆಯಲ್ಲಿ ಇದ್ದವರು. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಪುಟ್ಟ ಇಂಜಿನ್ನು ತೆಗೆದು, ಇದರ ಮೋಟಾರು ಸುತ್ತಿಕೊಡುತ್ತೀರಾ ಅಂತ ನಾಚುತ್ತ ಕೇಳಿದರು. ಬೇರೆ ಅಂಗಡಿಯವರೆಲ್ಲ ನಕ್ಕು ಕಳಿಸಿದ್ದರಂತೆ. ಕೆಂಪರಾಜ ನಗಲಿಲ್ಲ. ಮೊಬೈಲು ತೆಗೆದು ತನ್ನ ಕೆರೆ, ತನ್ನ ಏರಿ, ಮಸಿ ಹಿಡಿದ ತನ್ನ ಇಂಜಿನ್ನುಗಳ ಫೋಟೋ ತೋರಿಸಿದ. ಈರಯ್ಯ ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಅವರದೊಂದು ಗೆಳೆಯರ ಗುಂಪು ಇತ್ತು. ಡಿಸೆಂಬರಿನಲ್ಲಿ ಇಂದಿರಾನಗರದ ಒಂದು ಹಾಲಿನಲ್ಲಿ ಪುಟ್ಟ ರೈಲುಗಳ ಪ್ರದರ್ಶನ ಇಡುವವರಿದ್ದರು. ಒಂದು ದಿನ ಮನೆಗೆ ಬಂದು ನೋಡುತ್ತೇನೆ, ಹಿಡಿಸಿದರೆ ನಿಮ್ಮ ಊರನ್ನೇ ಅಲ್ಲಿಗೆ ಸಾಗಿಸೋಣ ಅಂದರು. ಆಯುಧ ಪೂಜೆಯ ದಿನ ರಜ, ಅವತ್ತು ಸಂಜೆ ಬನ್ನಿ ಅಂತ ಮಾತಾಯಿತು.

ಮನೆಗೆ ಬಂದು ಕೆಂಪರಾಜ ತಾಯಿಯ ಮುಂದೆ ಇದನ್ನು ಹೇಳಿದ. ಹೇಳಿದ್ದು ತಾಯಿಗೆ, ಕೇಳಲಿ ಅಂತ ಇದ್ದದ್ದು ಅಡುಗೆಮನೆಗೆ. ಸುಕನ್ಯ ಒಳಗಿಂದಲೇ, ಬರುವವರು ಎಷ್ಟು ಜನ, ತಿಂಡಿ ಏನು ಮಾಡಲಿ ಅಂದಳು. ಇಷ್ಟು ವರ್ಷದಲ್ಲಿ ಆ ರೂಮಿನ ವಿಷಯವಾಗಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಆಮೇಲೆ ಇನ್ನೊಂದು ದಿನ, ಅವರು ದೊಡ್ಡ ಇಂಜಿನಿಯರಾ, ನಿಮ್ಮ ಕೆಲಸ ನೋಡೋಕೇ ಬರ್ತಿದಾರಾ ಅಂತ ಕೇಳಿದಳು. ಕೆಂಪರಾಜ ಹೂಂ ಅಂದ. ಅವಳು ಚಿಗುರು ಸೊಪ್ಪು ಬಿಡಿಸುತ್ತಿದ್ದಳು. ಮುಖ ಎತ್ತದೆಯೇ ಸಣ್ಣಗೆ ನಕ್ಕಳು. ಆ ನಗು ನೋಡಿ ಅವನಿಗೆ ಅಂಗಡಿಯಲ್ಲಿ ಮರುದಿನವೆಲ್ಲ ಕೆಲಸ ಹತ್ತಲಿಲ್ಲ.

ಆಯುಧ ಪೂಜೆಯ ಬೆಳಗ್ಗೆ ಕೆಂಪರಾಜ ಅಂಗಡಿಗೆ ಹೋದ. ಅಲ್ಲಿ ಸುತ್ತುವ ಯಂತ್ರ, ಇಕ್ಕಳ, ಡ್ರಿಲ್ಲು ಎಲ್ಲ ತೊಳೆದು ವಿಭೂತಿ ಬಳಿದು, ಬೂದುಗುಂಬಳ ಒಡೆದು, ಪಕ್ಕದ ಅಂಗಡಿಗಳಿಗೆಲ್ಲ ಪುರಿ ಹಂಚಿ, ಲತೀಫನ ಕೈಗೂ ಒಂದು ಪೊಟ್ಟಣ ಕೊಟ್ಟು ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಬೀದಿಯ ತುಂಬ ತೊಳೆದು ನಿಲ್ಲಿಸಿದ ಸ್ಕೂಟರು, ಕಾರು, ಬಾಳೆಕಂದು, ಜಜ್ಜಿದ ನಿಂಬೆಹಣ್ಣು. ಸುಕನ್ಯ ಮೆಟ್ಟಿಲ ಕೆಳಗೇ ನಿಂತಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು, ಕೈ ಮಾತ್ರ ನೀರಿನಲ್ಲಿ ನೆಂದು ಸುಕ್ಕು ಬಿದ್ದಿತ್ತು. ಮೇಲೆ ಹೋಗಿ ನೋಡಿ ಅಂದಳು. ಅವನು ಒಂದೇ ಉಸಿರಿಗೆ ಹತ್ತಿದ. ಅವಳು ಮಂಗಳಾರತಿಯ ತಟ್ಟೆ ಹಿಡಿದು ಹಿಂದೆಯೇ ಬಂದಳು. ಹೊಸಿಲು ದಾಟಿ ಒಳಗೂ ಬಂದಳು.

ಇಂಜಿನ್ನುಗಳೆಲ್ಲ ಸ್ಟೇಷನ್ನಿನ ಮುಂದೆ ಸಾಲಾಗಿ ನಿಂತಿದ್ದವು. ಒಂದರ ಮೇಲೂ ಮಸಿ ಇರಲಿಲ್ಲ. ತುಕ್ಕಿನ ಗೆರೆ, ಎಣ್ಣೆಯ ಕಲೆ, ನೀರಿಳಿದ ಗುರುತು ಯಾವುದೂ ಇರಲಿಲ್ಲ. ಕೈಯಲ್ಲಿ ಬರೆದ ನಂಬರುಗಳು ಅರ್ಧರ್ಧ ಅಳಿಸಿಹೋಗಿದ್ದವು. ಎಲ್ಲವೂ ಹಬ್ಬಕ್ಕೆ ಬೆಳಗಿದ ತಂಬಿಗೆಯ ಹಾಗೆ ಹೊಳೆಯುತ್ತಿದ್ದವು. ಬಾಯ್ಲರಿನ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಏರಿಯ ಮೇಲೆ, ಕೆರೆಯ ಮೇಲೆ ಅರಿಶಿನದ ನೀರು ಚಿಮುಕಿಸಿದ ಗುರುತು. ನೆನೆದ ಕಡೆ ರಂಗೋಲಿಯ ಜಲ್ಲಿ ಗಡ್ಡೆ ಕಟ್ಟಿತ್ತು.

ಯಾರು ಮುಟ್ಟಿದ್ದು ಇದನ್ನ ಅಂತ ಕೇಳಿದ. ಅವನ ದನಿ ಏರಿದ್ದು ಅವಳಿಗೆ ಗೊತ್ತಾಗಲಿಲ್ಲ. ಹಬ್ಬದ ಸಂಭ್ರಮದಲ್ಲೇ ಉತ್ತರ ಕೊಟ್ಟಳು.

“ನಾನೇ ಕಣ್ರೀ. ಎಷ್ಟು ಕೊಳೆ ಕೂತಿತ್ತು ಅಂತೀರಾ, ದೊಡ್ಡೋರು ನೋಡೋಕೆ ಬರ್ತಾರೆ ಅಂತ ಬೆಳಗ್ಗೆಯಿಂದ ಹುಣಸೇಹಣ್ಣು ಹಾಕಿ ಉಜ್ಜಿದೀನಿ. ಒಂದು ಬಕೆಟ್ಟು ನೀರು ಕಪ್ಪಾಯ್ತು.”

ಅವನು ಹೋಗಿ ಸ್ವಿಚ್ಚು ಒತ್ತಿದ. ಮುಂದಿನ ಇಂಜಿನ್ನು ಒಂದು ಸಲ ಚಿಟ್ ಅಂದಿತು, ಸುಟ್ಟ ವಾಸನೆ ಬಂತು, ಚಕ್ರ ತಿರುಗಲಿಲ್ಲ. ಎರಡನೆಯದು ಚಿಟ್ ಕೂಡ ಅನ್ನಲಿಲ್ಲ. ಗಡಿಯಾರ ನೋಡಿದ. ಈರಯ್ಯ ಬರುವ ಹೊತ್ತಾಗುತ್ತಿತ್ತು. ಆಗ ಅವನ ತಲೆಗೆ ಏನು ಏರಿತೋ, ವರ್ಷಗಟ್ಟಲೆ ಎಲ್ಲಿ ಅವಿತು ಕೂತಿತ್ತೋ, ಆ ಮಾತು ಹೊರಗೆ ಬಿತ್ತು.

“ನಿನ್ನ ಕೈಗೆ ಬಿದ್ದದ್ದು ಯಾವುದು ಉಳಿದಿದೆ? ಅದನ್ನೂ ತೊಡೆ ಮೇಲೆ ಇಟ್ಕೊಂಡು ಕೂತಿದ್ದ ಹಾಗೇ ಕಳೆದೆ. ಈಗ ಇದನ್ನೂ ಕಳೆದೆ.”

ಜಗಳದಲ್ಲಿ ಆಡುವ ಮಾತಿಗೆ ಒಂದು ಮಿತಿ ಇರುತ್ತದೆ. ಕೋಪಿಷ್ಠರಿಗೂ ಇರುತ್ತದೆ. ತಟ್ಟೆ ಎಸೆಯುತ್ತಾರೆ, ಅಪ್ಪನ ಮನೆಯನ್ನು ಬೈಯುತ್ತಾರೆ, ಬಾಗಿಲು ಬಡಿಯುತ್ತಾರೆ. ಇದು ಅದಲ್ಲ. ಊರಲ್ಲಿ ಒಬ್ಬರೂ ಆಡದೆ ಬಿಟ್ಟಿದ್ದನ್ನು, ಬಾಯಿಬಡುಕಿ ಅತ್ತೆಯೇ ಆಡದೆ ನುಂಗಿಕೊಂಡಿದ್ದನ್ನು, ಮಗುವಿನ ಅಪ್ಪನೇ ಆಡಿದ.

ಸುಕನ್ಯಳ ಕೈಯಲ್ಲಿದ್ದ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಮಂಗಳಾರತಿಯನ್ನು ಊದಿ ಆರಿಸುವ ಹಾಗಿಲ್ಲ. ಅವಳು ಅದು ಉರಿದು ಮುಗಿಯುವವರೆಗೆ ನಿಂತಲ್ಲೇ ನಿಂತಳು. ಆರಿದ ಮೇಲೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಇಳಿದುಹೋದಳು. ಕೆಳಗೆ ಆಂಜನಮ್ಮ, ಅದೇನೇ ಅವನ ಕೂಗಾಟ ಅಂತ ಕೇಳಿದ್ದು ಮೇಲಕ್ಕೆ ಕೇಳಿಸಿತು. ಏನಿಲ್ಲ ಅತ್ತೆ ಅಂದದ್ದೂ ಕೇಳಿಸಿತು.

ಈರಯ್ಯ ಒಬ್ಬರೇ ಬಂದರು, ಕೈಯಲ್ಲಿ ಒಂದು ಪೊಟ್ಟಣ ಸಿಹಿ. ಕೆಂಪರಾಜ ಬಾಗಿಲಲ್ಲೇ ನಿಂತು, ಎಲ್ಲ ಹಾಳಾಯಿತು ಸಾರ್, ಇನ್ನೊಂದು ದಿನ ಬನ್ನಿ ಅಂತ ತಡೆಯಲು ನೋಡಿದ. ಅವರು ಅಷ್ಟೊತ್ತಿಗೆ ಒಳಗೆ ಬಂದಿದ್ದರು. ಕೆರೆ ನೋಡಿದರು, ಏರಿ ನೋಡಿದರು, ಹುಣಸೆಮರದ ಮುಂದೆ ಕೈ ಕಟ್ಟಿ ನಿಂತರು. ಆಮೇಲೆ ಇಂಜಿನ್ನುಗಳ ಸಾಲಿನ ಹತ್ತಿರ ಬಂದು, ಮಂಡಿಯೂರಿ, ಕಣ್ಣನ್ನು ಹಳಿಯ ಸಮಕ್ಕೆ ತಂದು, ಏನನ್ನೋ ಬೆರಳ ತುದಿಯಲ್ಲಿ ಎತ್ತಿಕೊಂಡರು.

“ಇದೇನ್ರಿ ಇದು, ಗಣಿಕಿ ಕಾಯಿ ಅಲ್ಲೇನು?”

ಆಗ ಕೆಂಪರಾಜ ಮೊದಲ ಸಲ ಸರಿಯಾಗಿ ನೋಡಿದ. ಪ್ರತಿ ಇಂಜಿನ್ನಿನ ಚಕ್ರದ ಮುಂದೆ ಮೆಣಸುಕಾಳಿನ ಗಾತ್ರದ ಒಂದೊಂದು ಎಳೆಯ ಗಣಿಕೆ ಕಾಯಿ ಇತ್ತು. ಹಸಿರಾಗಿರುವುದು ಹಳದಿಯಾಗಿ ಕಾಣಲಿ ಅಂತ ಅದನ್ನು ಅರಿಶಿನದಲ್ಲಿ ಹೊರಳಿಸಿದ್ದಳು. ನಿಂಬೆಹಣ್ಣು ಇಟ್ಟಿದ್ದರೆ ಇಂಜಿನ್ನೇ ಮುಚ್ಚಿಹೋಗುತ್ತಿತ್ತು. ಬೂದುಗುಂಬಳದ ಬದಲಿಗೆ ಒಂದು ಸುಂಡೇಕಾಯಿಯನ್ನು ಎರಡು ಹೋಳು ಮಾಡಿ ಕುಂಕುಮ ತುಂಬಿದ್ದಳು. ಬಾಳೆಕಂದಿನ ಬದಲು ಗರಿಕೆಯ ಚಿಗುರು, ಇಂಜಿನ್ನಿನ ಎರಡು ಮಗ್ಗುಲಿಗೆ, ಕೂದಲಿನಷ್ಟು ಸಣ್ಣ ದಾರದಲ್ಲಿ ಕಟ್ಟಿದ್ದು. ಹಾರ ತುಂಬೆಹೂವಿನದು. ತುಂಬೆಹೂವಿನ ಒಂದೊಂದೇ ಎಸಳನ್ನು ಸೂಜಿಯಲ್ಲಿ ಪೋಣಿಸಿದ್ದಳು. ಅವಳ ತವರು ಆವಲಹಳ್ಳಿಯಲ್ಲಿ ಹೂವು ಕಟ್ಟುವ ಮನೆ. ಇದಕ್ಕೆಲ್ಲ ಒಂದು ಬೆಳಗ್ಗೆ ಸಾಲದು. ಹಿಂದಿನ ದಿನವೇ ರೈಲು ಹಳಿಯ ಪಕ್ಕದ ಖಾಲಿ ಸೈಟುಗಳಲ್ಲಿ ಅಲೆದು ಆರಿಸಿಕೊಂಡು ಬಂದಿರಬೇಕು.

“ಹಬ್ಬದ ದಿನ ಇಂಜಿನ್ನು ತೊಳದು ಪೂಜಿ ಮಾಡೂದು ಪದ್ಧತಿ. ಶೆಡ್ಡಿನ್ಯಾಗ ನಾವೂ ಮಾಡ್ತಿದ್ವಿ” ಅಂದರು ಈರಯ್ಯ. “ಮಸಿ ಹೋತಂತ ಚಿಂತಿ ಮಾಡಬ್ಯಾಡ್ರಿ, ಮತ್ತ ಹಚ್ಚಿದ್ರಾತು. ಖರೇ ಹೇಳ್ತೀನಿ, ನಮ್ಮ ಗುಂಪಿನ್ಯಾಗ ಇಷ್ಟು ಮಂದಿ ಅದೀವಿ, ಒಬ್ಬರಿಗೂ ಇದು ಹೊಳದಿಲ್ಲ. ಯಾರು ಮಾಡ್ಯಾರ ಇದನ್ನ?”

ಕೆಂಪರಾಜ ನಮ್ಮ ಮನೆಯವಳು ಅಂದ. ಕರೀರಿ, ನೋಡೂಣು ಅಂದರು. ಅವನು ಮೆಟ್ಟಿಲ ತುದಿಗೆ ಹೋಗಿ ಸುಕನ್ಯಾ ಅಂತ ಕರೆದ. ಎರಡು ಸಲ ಕರೆದ. ಕೆಳಗೆ ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ, ಹಬ್ಬಕ್ಕೆ ತವರಿಗೆ ಬಂದಿದ್ದ ಶ್ರೀನಿವಾಸನ ಮಗಳು ಹಂಸ, ಆರು ತಿಂಗಳ ಹೊಟ್ಟೆ ಹೊತ್ತು ಏದುಸಿರು ಬಿಡುತ್ತ ಕೇಸರಿಬಾತು, ಕಾಫಿ ತಂದಿಟ್ಟು, ಚಿಕ್ಕಮ್ಮನಿಗೆ ತಲೆನೋವಂತೆ ಅಂದಳು.

ಈಗ ಇನ್ನೊಂದು ಮಾತು ಹೇಳಬೇಕು. ಮಳೆ ಬಂದು ಸೆಲ್ಲಾರಿಗೆ ನೀರು ನುಗ್ಗಿದಾಗಲೆಲ್ಲ ಕೆಂಪರಾಜನ ಅಂಗಡಿಗೆ ಮುಳುಗಿದ ಮೋಟಾರುಗಳು ಬರುತ್ತವೆ. ಅಪಾರ್ಟ್‌ಮೆಂಟಿನವರು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. ಕೆಂಪರಾಜ ಅವರಿಗೆಲ್ಲ ಒಂದೇ ಸಮಾಧಾನ ಹೇಳುವನು: ನೀರು ಕುಡಿದ ಮೋಟಾರು ಸಾಯಲ್ಲ ಸಾರ್, ಬಿಚ್ಚಿ ಒಣಗಿಸಿದರೆ ಎದ್ದು ಕೂರುತ್ತೆ. ಬಲ್ಬು ಹಾಕಿದ ಮರದ ಪೆಟ್ಟಿಗೆಯಲ್ಲಿ ಇಟ್ಟು ಒಣಗಿಸುವುದು ಅವನ ದಿನನಿತ್ಯದ ಕೆಲಸ. ಊರಿನವರ ಮೋಟಾರಿಗೆಲ್ಲ ಇದ್ದ ಆ ಸಮಾಧಾನ ಅವತ್ತು ಅವನಿಗೆ ನೆನಪಾಗಲಿಲ್ಲ. ಹಬ್ಬ ಕಳೆದ ಮೇಲೆ ಇಂಜಿನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದು ಅದೇ ಪೆಟ್ಟಿಗೆಯಲ್ಲಿ ಇಟ್ಟ. ಒಂದಕ್ಕೆ ಮಾತ್ರ ಹೊಸದಾಗಿ ಸುತ್ತಬೇಕಾಯಿತು. ಉಳಿದವು ಒಣಗಿ, ಎಣ್ಣೆ ಬಿಟ್ಟ ತಕ್ಷಣ ಓಡಿದವು.

ಓಡಿದ ದಿನ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲ್ಲ ಸರಿಹೋಯ್ತು, ಏನೂ ಆಗಿಲ್ಲ, ಬಂದು ನೋಡು ಅಂದ. ಸುಕನ್ಯ ಒಳ್ಳೇದಾಯ್ತು ಅಂದಳು. ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. ತಪ್ಪಾಯ್ತು ಅನ್ನುವ ಮಾತು ಆ ಮನೆಯ ಗಂಡಸರಿಗೆ ಆಡಿ ಅಭ್ಯಾಸ ಇಲ್ಲ. ಅದರ ಬದಲು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಒಂದು ರೇಷ್ಮೆ ಸೀರೆ ತಂದ. ಅವಳು ಬಿಚ್ಚಿ ನೋಡಿ, ಸೆರಗು ಚೆನ್ನಾಗಿದೆ ಅಂದು, ಮಡಿಸಿ ಬೀರುವಿನಲ್ಲಿ ಇಟ್ಟಳು.

ಜಗಳ ಇರಲಿಲ್ಲ. ಮಾತು ಬಿಟ್ಟಿರಲಿಲ್ಲ. ಊಟ, ಬಟ್ಟೆ, ಔಷಧಿ ಯಾವುದಕ್ಕೂ ಕೊರತೆ ಇರಲಿಲ್ಲ. ಒಂದೇ ಬದಲಾವಣೆ ಏನೆಂದರೆ ಅವನ ಸಾಮಾನು ಯಾವುದನ್ನೂ ಅವಳು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕಾಫಿ ಲೋಟವನ್ನು ಕಟ್ಟೆಯ ಮೇಲೆ ಇಡುವಳು. ಮೊಬೈಲು ಬಿಟ್ಟುಹೋದರೆ ಬಾಡಿಗೆಯವರ ಕೈಲಿ ಕಳಿಸುವಳು. ಶರ್ಟಿನ ಗುಂಡಿ ಹೊಲಿಯಲು ಟೈಲರ ಹತ್ತಿರ ಕೊಡಿ ಅಂದಳು. ಅವನು ಎಲ್ಲವನ್ನೂ ಗಮನಿಸಿದ. ಯಾರ ಹತ್ತಿರ ಹೇಳಿಕೊಳ್ಳುವುದು?

ಡಿಸೆಂಬರಿನಲ್ಲಿ ಹಲಗೆಗಳನ್ನು ಬಿಚ್ಚಿ ಟೆಂಪೋದಲ್ಲಿ ಇಂದಿರಾನಗರಕ್ಕೆ ಸಾಗಿಸಿದರು. ಈರಯ್ಯ ಹಟ ಹಿಡಿದು ಒಂದು ಇಂಜಿನ್ನಿಗೆ ಮಸಿ ಹಚ್ಚದೆ ಹಾಗೇ ಬಿಡಿಸಿ, ವಿಭೂತಿ, ಕುಂಕುಮ, ಗಣಿಕೆ ಕಾಯಿ, ಗರಿಕೆ ಎಲ್ಲ ಅದೇ ರೀತಿ ಮಾಡಿಸಿದರು. ಮಾಡಿದವನು ಕೆಂಪರಾಜ. ತುಂಬೆಯ ಹಾರ ಮಾತ್ರ ಅವನಿಗೆ ಬರಲಿಲ್ಲ. ಎಸಳುಗಳೆಲ್ಲ ಬೆರಳಲ್ಲೇ ಹಿಸುಕಿ ಹೋದವು. ಬಿಳಿ ದಾರಕ್ಕೆ ಗಂಟು ಹಾಕಿ ಹಾರದ ಹಾಗೆ ಮಾಡಿದ. ಜನ ಮುಗಿಬಿದ್ದು ನೋಡಿದ್ದು ಆ ಇಂಜಿನ್ನನ್ನೇ. ಮಕ್ಕಳನ್ನು ಎತ್ತಿ ತೋರಿಸಿದರು, ಫೋಟೋ ಹೊಡೆದರು. ನಗುತ್ತಿದ್ದ ಶ್ರೀನಿವಾಸನೂ ಬಂದು, ನನ್ನ ತಮ್ಮ, ನನ್ನ ತಮ್ಮ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ. ಹಿಂದಿನ ದಿನ ಕೆಂಪರಾಜ ಹೆಂಡತಿಯನ್ನು ಕರೆದಿದ್ದ. ಈರಯ್ಯನವರು ನಿನ್ನ ಹೆಸರು ಬೋರ್ಡಿನಲ್ಲಿ ಬರೆಸಿದಾರೆ, ಬಾ ಅಂದಿದ್ದ. ಅಷ್ಟು ಜನ ಸೇರೋ ಕಡೆ ನಾನ್ಯಾಕೆ, ನೀವು ಹೋಗ್ಬನ್ನಿ ಅಂದಿದ್ದಳು. ಬೋರ್ಡಿನಲ್ಲಿ ‘ಸುಕನ್ಯ ಕೆಂಪರಾಜ್’ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಅದರ ಪಕ್ಕದಲ್ಲಿ ನಿಂತು ಕೆಂಪರಾಜ ಬಂದವರಿಗೆಲ್ಲ ಗಣಿಕೆ ಕಾಯಿ ಅಂದರೇನು ಅಂತ ವಿವರಿಸುತ್ತಿದ್ದ. ಹೊಗಳಿಕೆ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಹಂಸಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಆ ಮನೆಯಲ್ಲಿ, ಆ ಬೀದಿಯಲ್ಲೇ ಅನ್ನಿ, ಕೂಸುಗಳಿಗೆ ನೀರೆರೆಯುವುದು ಸುಕನ್ಯಳ ಕೆಲಸ. ತನ್ನದು ಹೋದ ಮೇಲೆ ತುಂಬ ದಿನ ಅವಳು ಯಾರ ಮಗುವನ್ನೂ ಮುಟ್ಟಿರಲಿಲ್ಲ. ಒಂದು ದಿನ ಆಂಜನಮ್ಮನೇ ಪಕ್ಕದ ಮನೆಯ ಕೂಸನ್ನು ತಂದು, ಬಚ್ಚಲಲ್ಲಿ ಅವಳನ್ನು ಕಾಲು ಚಾಚಿಸಿ ಕೂರಿಸಿ, ಮೊಣಕಾಲ ಮೇಲೆ ಮಲಗಿಸಿ, ಎರಿ ಅಂದಿದ್ದಳು. ಅಲ್ಲಿಂದ ಎಷ್ಟು ಮಕ್ಕಳಿಗೆ ಎರೆದಳೋ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಕೂಸು ಅರ್ಧ ದಿನ ಏಳುತ್ತಿರಲಿಲ್ಲ. ಹಂಸ ಬಸುರಿಯಾದಾಗಲೇ, ನನ್ನ ಮಗುಗೆ ಚಿಕ್ಕಮ್ಮನೇ ಎರೀಬೇಕು ಅಂತ ಹೇಳಿಟ್ಟಿದ್ದಳು. ಮಗು ಮನೆಗೆ ಬಂದ ದಿನ ಸುಕನ್ಯ ನೀರು ಕಾಯಿಸಿಕೊಟ್ಟಳು, ಸೀಗೆಪುಡಿ ಜರಡಿ ಹಿಡಿದುಕೊಟ್ಟಳು, ಸೊಂಟ ನೋವು ಅಂದಳು. ಮಾರನೇ ದಿನವೂ ಸೊಂಟ ನೋವು. ಕೊನೆಗೆ ಶ್ರೀನಿವಾಸನ ಹೆಂಡತಿ ಗೊಣಗಿಕೊಂಡು, ಹಲಸೂರಿನಿಂದ ಜಟ್ಟೆಮ್ಮ ಅನ್ನುವವಳನ್ನು ಎರೆಯುವುದಕ್ಕೆ ಗೊತ್ತು ಮಾಡಿದಳು.

ನಾಮಕರಣದ ದಿನ ಮನೆ ತುಂಬ ಜನ. ತೊಟ್ಟಿಲು ಕಟ್ಟಿ, ಹೆಸರು ಕೂಗಿ, ಕೂಸು ಕೈಯಿಂದ ಕೈಗೆ ಹೋಗುತ್ತಿತ್ತು. ಸುಕನ್ಯ ಎಲೆ ಒರೆಸುತ್ತ ಅಡುಗೆಮನೆಯ ಬಾಗಿಲ ಬಳಿ ಇದ್ದಳು. ಬೀರುವಿನಲ್ಲಿದ್ದ ರೇಷ್ಮೆ ಸೀರೆ ಉಟ್ಟಿರಲಿಲ್ಲ, ಹಳೆಯದನ್ನೇ ಉಟ್ಟಿದ್ದಳು. ಹಂಸ ಮಗುವನ್ನು ಎತ್ತಿಕೊಂಡು ನೆಟ್ಟಗೆ ಅವಳ ಹತ್ತಿರ ಬಂದು, ಎಲ್ಲರೂ ಎತ್ತಿಕೊಂಡ್ರು ನೀನೊಬ್ಬಳೇ ಎತ್ತಿಕೊಂಡಿಲ್ಲ ಚಿಕ್ಕಮ್ಮ, ಹಿಡ್ಕೋ ಅಂತ ಚಾಚಿದಳು. ಸುಕನ್ಯ ಒಂದು ಹೆಜ್ಜೆ ಹಿಂದೆ ಸರಿದಳು.

“ಬೇಡಮ್ಮ. ನನ್ನ ಕೈಗೆ ಬೇಡ.”

ಆಂಜನಮ್ಮ ಕೂತಲ್ಲಿಂದಲೇ, ಇದೇನೇ ಹೊಸದು, ಇಷ್ಟು ಮಕ್ಕಳನ್ನ ಎತ್ತಿ ಎರೆದವಳು ಅಂತ ಗದರಿದಳು. ಸುಕನ್ಯ ಅತ್ತೆಯ ಕಡೆ ತಿರುಗಿದಳು. ಸಾರಿಗೆ ಉಪ್ಪು ಸಾಲದು ಅಂತ ಹೇಳುವಾಗ ಎಷ್ಟು ದನಿ ಇರುತ್ತದೋ ಅಷ್ಟೇ ದನಿಯಲ್ಲಿ ಹೇಳಿದಳು.

“ನನ್ನ ಕೈಗೆ ಬಿದ್ದದ್ದು ಉಳಿಯಲ್ಲ ಅತ್ತೆ. ತಿಳಿದೋರು ಹೇಳಿದಾರೆ.”

ಯಾರು ಹೇಳಿದ್ದು, ಯಾವ ಜೋಯಿಸ ಅಂತ ಹೆಂಗಸರೆಲ್ಲ ಒಟ್ಟಿಗೆ ಕೇಳಿದರು. ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಯಾರ ಕಡೆಯೂ ನೋಡಲಿಲ್ಲ. ಆಂಜನಮ್ಮ ಮಾತ್ರ ನಿಧಾನವಾಗಿ ಕತ್ತು ತಿರುಗಿಸಿ ಮಗನನ್ನು ನೋಡಿದಳು. ಕೆಂಪರಾಜ ತೊಟ್ಟಿಲ ಹಗ್ಗದ ಪಕ್ಕದಲ್ಲಿ ನಿಂತಿದ್ದ. ಈಗ ಹೇಳಬೇಕು ಅಂತ ಅವನಿಗೂ ಗೊತ್ತಿತ್ತು. ನಾನೇ ಅಂದಿದ್ದು, ಕೋಪದಲ್ಲಿ ಅಂದೆ, ಸುಳ್ಳು ಅದು, ಇಷ್ಟು ಹೇಳಿದರೆ ಸಾಕಿತ್ತು. ಬಾಯಿ ತೆರೆದ. ಅಷ್ಟು ಜನದ ಮುಖ ನೋಡಿ ಬಾಯಿ ಮುಚ್ಚಿದ.

ಚಾಚಿದ ಕೈ ಸೋತು ಹಂಸ, ಏನೂ ತಿಳಿಯದೆ, ಹತ್ತಿರ ನಿಂತಿದ್ದ ಚಿಕ್ಕಪ್ಪನ ಕೈಗೇ ಕೂಸನ್ನು ಹಾಕಿಬಿಟ್ಟಳು. ಕೂದಲೆಳೆಯ ತಂತಿ ಸುತ್ತುವ ಕೈಗೆ ಅದನ್ನು ಹಿಡಿಯುವುದು ಗೊತ್ತಿರಲಿಲ್ಲ. ಕೂಸಿನ ತಲೆ ಹಿಂದಕ್ಕೆ ಜೋತುಬಿತ್ತು. ಕತ್ತು ಹಿಡಿ, ಕತ್ತು ಹಿಡಿ ಅಂತ ಎಲ್ಲರೂ ಕೂಗಿದರು. ಸುಕನ್ಯಳ ಬಲಗೈ ತಾನಾಗೇ ಮುಂದೆ ಬಂತು. ಅರ್ಧಕ್ಕೆ ಬಂದು ನಿಂತಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟಳು.

ಬಚ್ಚಲಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಜಟ್ಟೆಮ್ಮ ಮಗುವನ್ನು ಅವನಿಂದ ಕಿತ್ತುಕೊಂಡು, ಗಂಡಸರ ಕೈಗೆ ಯಾಕವ್ವಾ ಕೊಡ್ತೀರಾ ಅಂತ ಎಲ್ಲರನ್ನೂ ಬೈದಳು. ಸುಕನ್ಯ ಒರೆಸಿದ ಎಲೆಗಳನ್ನು ಎತ್ತಿಕೊಂಡು ಪಂಕ್ತಿ ಹಾಕಲು ಹೋದಳು.